ಕೀಟೋನ್ ಅಂದರೇನು? ಮನೆಯಲ್ಲಿ ಅದನ್ನು ಪರೀಕ್ಷಿಸುವುದು ಹೇಗೆ?

(ಸ್ವಸಹಾಯ ಸಂಘಗಳ ಪ್ರತಿನಿಧಿಗಳು ಹಾಗೂ ಆರೋಗ್ಯ ಕಾರ್ಯಕರ್ತೆಯರಿಗಾಗಿ ಏರ್ಪಡಿಸಿದ್ದ ಒಂದು ದಿನದ ಮಾಹಿತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಕ್ಕರೆ ಕಾಯಿಲೆ ಬಗ್ಗೆ ನಿಮ್ಮಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಪ್ರತಿ ಸಂಘದಲ್ಲೂ ನಾಲ್ಕೈದು ಮಂದಿಗಾದರೂ ಅದು ಇದೆ. ‘ನನಗೆ 180 ಇದೆ, ನಮ್ಮ ಯಜಮಾನರಿಗೆ 240 ಇದೆ’ ಅಂತ ವಾರದ ಸಭೆಯಲ್ಲೇ ಮಾತಾಡಿಕೊಳ್ಳುತ್ತೀರಿ. ಆದರೆ ‘ಕೀಟೋನ್ ಎಷ್ಟಿದೆ?’ ಅಂತ ಯಾರೂ ಕೇಳುವುದಿಲ್ಲ. ಆ ಹೆಸರನ್ನು ಕೇಳಿದವರೇ ಕಡಿಮೆ. ಸಕ್ಕರೆ ಕಾಯಿಲೆ ಇರುವ ಮಗುವೊಂದು ಒಂದೆರಡು ದಿನದಲ್ಲೇ ಸಾವಿನ ಬಾಗಿಲಿಗೆ ಹೋಗುವುದು ಬಹಳ ಸಲ ಈ ಕೀಟೋನ್‌ನಿಂದ. ಅದನ್ನು ಮೊದಲೇ ತಿಳಿದುಕೊಳ್ಳಲು ಬೇಕಾಗಿರುವುದು ಒಂದು ಸಣ್ಣ ಕಾಗದದ ಪಟ್ಟಿ ಮಾತ್ರ. ಆದ್ದರಿಂದ ಇವತ್ತಿನ ಈ ಒಂದು ಗಂಟೆಯನ್ನು ಅದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ಕೀಟೋನ್ ಎಲ್ಲಿಂದ ಬರುತ್ತದೆ?

ನಾವು ತಿನ್ನುವ ಅನ್ನ, ಮುದ್ದೆ, ರೊಟ್ಟಿ ಎಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ರಕ್ತದಲ್ಲಿರುವ ಈ ಸಕ್ಕರೆ ಸ್ನಾಯುಗಳ ಜೀವಕೋಶಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬೇಕು. ಗೋದಾಮಿನ ತುಂಬಾ ಅಕ್ಕಿ ಮೂಟೆಗಳಿವೆ, ಆದರೆ ಬೀಗದ ಕೈ ಕಳೆದುಹೋಗಿದೆ ಅಂತ ಇಟ್ಟುಕೊಳ್ಳಿ. ಅಕ್ಕಿ ಕಣ್ಣೆದುರೇ ಇದ್ದರೂ ಊರಿನವರು ಉಪವಾಸ. ಇನ್ಸುಲಿನ್ ಇಲ್ಲದ ದೇಹದ ಸ್ಥಿತಿಯೂ ಹೀಗೆಯೇ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿರುತ್ತದೆ, ಜೀವಕೋಶಗಳು ಹಸಿದಿರುತ್ತವೆ.

ಹಸಿದ ದೇಹ ಸುಮ್ಮನೆ ಕೂರುವುದಿಲ್ಲ. ತನ್ನಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಲು ಶುರು ಮಾಡುತ್ತದೆ. ಆ ಕೊಬ್ಬು ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ ಹೋಗಿ ಅಲ್ಲಿ ಕೀಟೋನ್ ಆಗುತ್ತದೆ. ಇದರಲ್ಲಿ ಮೂರು ಬಗೆ ಇದೆ: ಅಸಿಟೋಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮತ್ತು ಅಸಿಟೋನ್. ಈ ಹೆಸರುಗಳನ್ನು ನೀವು ಬಾಯಿಪಾಠ ಮಾಡಬೇಕಾಗಿಲ್ಲ. ಮೊದಲಿನ ಎರಡು ಆಮ್ಲಗಳು, ಮೂರನೆಯದು ಉಸಿರಿನಲ್ಲಿ ವಾಸನೆಯಾಗಿ ಹೊರಬರುತ್ತದೆ ಎಂಬುದಿಷ್ಟು ನೆನಪಿರಲಿ.

ಹಾಗಂತ ಕೀಟೋನ್ ಅಂದರೆ ವಿಷ ಅಂತ ತಿಳಿಯಬೇಡಿ. ರಾತ್ರಿ ಊಟ ಮಾಡಿ ಬೆಳಿಗ್ಗೆ ಏಳುವಾಗ ಎಲ್ಲರ ದೇಹದಲ್ಲೂ ಅದು ಸ್ವಲ್ಪ ಇರುತ್ತದೆ. ತಪಸ್ಸುಕಾಲದಲ್ಲಿ, ಏಕಾದಶಿಯಲ್ಲಿ, ರಂಜಾನ್‌ನಲ್ಲಿ ಉಪವಾಸ ಮಾಡುವ ಆರೋಗ್ಯವಂತರಲ್ಲಿ ಇನ್ನಷ್ಟು ಹೆಚ್ಚಬಹುದು. ಅನ್ನವಿಲ್ಲದ ಹೊತ್ತಿನಲ್ಲಿ ಮೆದುಳಿಗೂ ಹೃದಯಕ್ಕೂ ಅದೇ ಆಹಾರ. ಆರೋಗ್ಯವಂತರಲ್ಲಿ ಇನ್ಸುಲಿನ್ ಸ್ವಲ್ಪವಾದರೂ ಇರುವುದರಿಂದ ಕೀಟೋನ್ ಮಿತಿ ಮೀರುವುದಿಲ್ಲ. ಇನ್ಸುಲಿನ್ ಪೂರ್ತಿ ಇಲ್ಲದಾಗ ತಡೆಯುವವರೇ ಇಲ್ಲ. ಕೀಟೋನ್ ಏರುತ್ತಲೇ ಹೋಗಿ ರಕ್ತ ಆಮ್ಲವಾಗುತ್ತದೆ. ಇದಕ್ಕೆ ಡಾಕ್ಟರರು ‘ಡಯಾಬಿಟಿಕ್ ಕೀಟೋ ಅಸಿಡೋಸಿಸ್’ ಅಥವಾ ಚಿಕ್ಕದಾಗಿ ‘ಡಿಕೆಎ’ ಎನ್ನುತ್ತಾರೆ.

ಹಸು ಸಾಕುವವರಿಗೆ ಇದು ಗೊತ್ತಿರುವ ಸಂಗತಿ

ನಿಮ್ಮಲ್ಲಿ ಡೈರಿಗೆ ಹಾಲು ಹಾಕುವವರು ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಹೆಚ್ಚು ಜನ ಇದ್ದೀರಿ. ಹೆಚ್ಚು ಹಾಲು ಕೊಡುವ ಮಿಶ್ರತಳಿ ಹಸು ಕರು ಹಾಕಿದ ಕೆಲವು ವಾರಗಳಲ್ಲಿ ಇದ್ದಕ್ಕಿದ್ದಂತೆ ಹಿಂಡಿ ಬಿಡುತ್ತದೆ, ಹಾಲು ಇಳಿಯುತ್ತದೆ, ಮೈ ಇಳಿಯುತ್ತದೆ, ಉಸಿರಿನಲ್ಲಿ ಒಂಥರಾ ಸಿಹಿ ವಾಸನೆ ಬರುತ್ತದೆ. ಪಶುವೈದ್ಯರು ಬಂದು ‘ಕೀಟೋಸಿಸ್’ ಅಂತ ಹೇಳಿ ಗ್ಲೂಕೋಸ್ ಕೊಡುತ್ತಾರೆ. ತಿಂದದ್ದಕ್ಕಿಂತ ಹೆಚ್ಚು ಶಕ್ತಿ ಹಾಲಿನಲ್ಲಿ ಹೊರಟುಹೋದಾಗ ಹಸು ತನ್ನ ಕೊಬ್ಬನ್ನು ಕರಗಿಸಿಕೊಳ್ಳುತ್ತದೆ, ಅದರಿಂದ ಈ ತೊಂದರೆ. ಹಾಲಿನಲ್ಲೋ ಮೂತ್ರದಲ್ಲೋ ಕೀಟೋನ್ ಇದೆಯಾ ಅಂತ ನೋಡುವ ಪರೀಕ್ಷೆಗೆ ರೊಥೆರಾ ಪರೀಕ್ಷೆ ಎಂದು ಹೆಸರು. 1908ರಿಂದ ಇದು ಬಳಕೆಯಲ್ಲಿದೆ. ಕೀಟೋನ್ ಇದ್ದರೆ ನೇರಳೆ ಬಣ್ಣ ಬರುತ್ತದೆ. ಮನುಷ್ಯರ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿರುವುದೂ ಇದೇ ರಾಸಾಯನಿಕ ಕ್ರಿಯೆ.

ಹಸುವಿಗೂ ಮಗುವಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಹಸುವಿಗೆ ಇರುವುದು ಸಕ್ಕರೆಯ ಕೊರತೆ, ಅದಕ್ಕೆ ಗ್ಲೂಕೋಸ್ ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗೆ ಇರುವುದು ಇನ್ಸುಲಿನ್ ಕೊರತೆ. ಅದರ ರಕ್ತದಲ್ಲಿ ಸಕ್ಕರೆ ಈಗಾಗಲೇ ವಿಪರೀತ ಇರುತ್ತದೆ. ಅಂಥ ಮಗುವಿಗೆ ವಾಂತಿ, ಸುಸ್ತು ಅಂತ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ಪರಿಸ್ಥಿತಿ ಇನ್ನಷ್ಟು ಕೆಡುತ್ತದೆ. ಆದ್ದರಿಂದ ವಾಂತಿ, ಸುಸ್ತು ಇರುವ ಯಾವ ಮಗುವಿಗೇ ಆಗಲಿ ಡ್ರಿಪ್ ಹಾಕುವ ಮೊದಲು, ‘ಒಂದು ಸಲ ಬೆರಳಿನಿಂದ ಸಕ್ಕರೆ ನೋಡಿಬಿಡಿ’ ಅಂತ ಕೇಳಿಕೊಳ್ಳಿ. ಅದಕ್ಕೆ ಒಂದು ನಿಮಿಷವೂ ಬೇಡ.

ಯಾರು ಎಚ್ಚರವಾಗಿರಬೇಕು?

ಮೊದಲನೆಯದಾಗಿ, ಟೈಪ್ 1 ಸಕ್ಕರೆ ಕಾಯಿಲೆ ಇರುವವರು. ಸಾಮಾನ್ಯವಾಗಿ ಮಕ್ಕಳು, ಹದಿಹರೆಯದವರು, ಯುವಕ ಯುವತಿಯರು. ಇವರ ದೇಹದಲ್ಲಿ ಇನ್ಸುಲಿನ್ ಉತ್ಪತ್ತಿ ನಿಂತುಹೋಗಿರುತ್ತದೆ, ದಿನವೂ ಚುಚ್ಚಿಕೊಂಡೇ ಬದುಕಬೇಕು. ಇಂಥ ಮಕ್ಕಳು ಅತಿ ಹೆಚ್ಚಿರುವ ದೇಶಗಳಲ್ಲಿ ನಮ್ಮದೂ ಒಂದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022ರಲ್ಲಿ ಟೈಪ್ 1 ಕಾಯಿಲೆಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ.

ಎಷ್ಟೋ ಮಕ್ಕಳಲ್ಲಿ ಕಾಯಿಲೆ ಇದೆ ಅಂತ ಗೊತ್ತಾಗುವುದೇ ಡಿಕೆಎ ಆದ ಮೇಲೆ. ಅದಕ್ಕೂ ಮುಂಚೆ ಸೂಚನೆಗಳು ಇರುತ್ತವೆ. ಮಗು ಪದೇ ಪದೇ ನೀರು ಕೇಳುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗುತ್ತದೆ, ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರು ಮಾಡುತ್ತದೆ, ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ, ಆಟಕ್ಕೆ ಹೋಗದೆ ಮೂಲೆಯಲ್ಲಿ ಕೂರುತ್ತದೆ. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತುತ್ತದೆ ಅಂತ ಅಜ್ಜಿಯರು ಹೇಳುವುದೂ ಉಂಟು. ಅದನ್ನು ನಗಬೇಡಿ, ಅದೂ ಒಂದು ಸೂಚನೆಯೇ. ಕೂಡಲೇ ರಕ್ತ ಪರೀಕ್ಷೆ ಮಾಡಿಸಿ.

ಎರಡನೆಯದಾಗಿ, ಟೈಪ್ 2 ಸಕ್ಕರೆ ಕಾಯಿಲೆ ಇರುವ ದೊಡ್ಡವರು. ಜೋರು ಸೋಂಕು, ಹೃದಯಾಘಾತ, ಆಪರೇಷನ್ ಇಂಥ ಸಂದರ್ಭದಲ್ಲಿ ಇವರಿಗೂ ಕೀಟೋನ್ ಏರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಈಗ ನಮ್ಮ ಹಳ್ಳಿಗಳಿಗೂ ಬಂದಿವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆಗಳೇ. ಆದರೆ ಇವನ್ನು ತೆಗೆದುಕೊಳ್ಳುವವರಲ್ಲಿ ಸಕ್ಕರೆ ಅಷ್ಟೇನೂ ಏರದೆಯೇ ಕೀಟೋನ್ ಏರುವುದುಂಟು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ‘ಸಕ್ಕರೆ 190 ತಾನೇ, ಏನೂ ಆಗಿಲ್ಲ’ ಅಂತ ಮನೆಯವರು ಸುಮ್ಮನಾಗುತ್ತಾರೆ, ಅಲ್ಲಿಯೇ ಅಪಾಯ. ವಾಂತಿ ಇದ್ದು ಊಟ ಸೇರದಿದ್ದಾಗ, ದೀರ್ಘ ಉಪವಾಸ ಮಾಡುವಾಗ, ಆಪರೇಷನ್‌ಗೆ ಮುಂಚೆ ಈ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗುತ್ತದೆ. ನಿಮ್ಮ ಮಾತ್ರೆ ಯಾವುದು ಅಂತ ಚೀಟಿ ತೋರಿಸಿ ಡಾಕ್ಟರರನ್ನು ಮುಂಚಿತವಾಗಿ ಕೇಳಿಟ್ಟುಕೊಳ್ಳಿ. ತೂಕ ಇಳಿಸಲು ‘ಕೀಟೋ ಡಯಟ್’ ಅಂತ ಅನ್ನ ರೊಟ್ಟಿ ಬಿಡುವವರು ಈಗ ಹೆಚ್ಚಾಗಿದ್ದಾರೆ. ಇನ್ಸುಲಿನ್ ಅಥವಾ ಈ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರರನ್ನು ಕೇಳದೆ ಅದಕ್ಕೆ ಕೈ ಹಾಕಲೇಬಾರದು.

ಇನ್ನೂ ಇಬ್ಬರ ಬಗ್ಗೆ ಹೇಳಬೇಕು. ಊಟ ಬಿಟ್ಟು ದಿನಗಟ್ಟಲೆ ಕುಡಿದು, ಆಮೇಲೆ ವಾಂತಿ ಮಾಡುತ್ತಾ ಬಿದ್ದುಕೊಳ್ಳುವವರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಕೀಟೋನ್ ಏರಿ ಜೀವಕ್ಕೆ ಅಪಾಯವಾಗಬಹುದು. ‘ಅಮಲು ಇಳಿದರೆ ಸರಿಹೋಗುತ್ತಾನೆ’ ಅಂತ ಬಿಡಬೇಡಿ. ಗರ್ಭಿಣಿಯರಿಗೆ ವಾಂತಿ ಹೆಚ್ಚಾಗಿ ಏನೂ ಹೊಟ್ಟೆಯಲ್ಲಿ ನಿಲ್ಲದಾಗಲೂ ಮೂತ್ರದಲ್ಲಿ ಕೀಟೋನ್ ಕಾಣಿಸಬಹುದು. ಆದರೆ ಗರ್ಭಿಣಿಯ ಸ್ಥಿತಿ ಎಷ್ಟು ಗಂಭೀರ ಅನ್ನುವುದನ್ನು ಈ ಪಟ್ಟಿ ಒಂದರಿಂದಲೇ ಅಳೆಯಲಾಗದು. ಕೀಟೋನ್ ಇಲ್ಲ ಅಂತ ಮನೆಯಲ್ಲಿ ಇಟ್ಟುಕೊಳ್ಳಬಾರದು, ಆಸ್ಪತ್ರೆಗೆ ತೋರಿಸಬೇಕು.

‘ಊಟಾನೇ ಮಾಡಿಲ್ಲ, ಸೂಜಿ ಯಾಕೆ?’

ನಮ್ಮ ಕಾರ್ಯಕ್ಷೇತ್ರದ ಒಂದು ಹಳ್ಳಿ. ಕಾಫಿ ತೋಟದಲ್ಲಿ ಕೂಲಿ ಮಾಡುವ ಕುಟುಂಬ. 11 ವರ್ಷದ ಮಗಳಿಗೆ ಟೈಪ್ 1. ಮಳೆಗಾಲದಲ್ಲಿ ಜ್ವರ ಬಂತು, ವಾಂತಿ ಶುರುವಾಯಿತು. ‘ಮಗು ಊಟಾನೇ ಮಾಡಿಲ್ಲ, ಸೂಜಿ ಹಾಕಿದರೆ ಸಕ್ಕರೆ ಇಳಿದುಹೋಗುತ್ತೆ’ ಅಂತ ಅಜ್ಜಿ ಇನ್ಸುಲಿನ್ ನಿಲ್ಲಿಸಿದರು. ಪ್ರೀತಿಯಿಂದಲೇ ನಿಲ್ಲಿಸಿದರು. ಮಾರನೇ ದಿನ ಹೊಟ್ಟೆನೋವು ಅಂತ ಮಗು ಒದ್ದಾಡಿತು. ಅದರ ಮಾರನೇ ದಿನ ಉಸಿರು ಆಳವಾಗಿ, ಜೋರಾಗಿ ಬರತೊಡಗಿತು. ದಮ್ಮು ಅಂತ ತಿಳಿದು ಎದೆಗೆ ಎಣ್ಣೆ ಹಚ್ಚಿದರು. ಉಳಿತಾಯದ ಸಭೆಗೆ ಹೋಗಿದ್ದ ನಮ್ಮ ಕಾರ್ಯಕರ್ತೆ ಮಗುವಿನ ಬಾಯಿ ಹತ್ತಿರ ಹಣ್ಣು ಕೊಳೆತಂಥ ವಾಸನೆ ಗಮನಿಸಿ, ತೋಟದ ಜೀಪಿನಲ್ಲೇ ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ಮೂರು ದಿನ ತೀವ್ರ ನಿಗಾ ಘಟಕದಲ್ಲಿದ್ದು ಮಗು ಉಳಿಯಿತು.

ಅಜ್ಜಿಯ ಮಾತು ತಪ್ಪು ಅಂತ ಮೇಲ್ನೋಟಕ್ಕೆ ಅನ್ನಿಸುವುದೇ ಇಲ್ಲ, ಅಲ್ಲವೇ? ಊಟ ಇಲ್ಲ ಅಂದರೆ ಸಕ್ಕರೆ ಏರದು ಅನ್ನುವುದು ಎಲ್ಲರ ಲೆಕ್ಕ. ಆದರೆ ಜ್ವರ ಬಂದಾಗ ದೇಹ ಒತ್ತಡದ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ. ಅವು ಲಿವರ್‌ನಲ್ಲಿರುವ ಸಕ್ಕರೆಯನ್ನು ಹೊರಗೆ ತರುತ್ತವೆ, ಕೊಬ್ಬನ್ನೂ ಕರಗಿಸುತ್ತವೆ. ಹೀಗಾಗಿ ಊಟ ಮಾಡದಿದ್ದರೂ ಸಕ್ಕರೆ ಏರುತ್ತದೆ, ಕೀಟೋನ್ ಕೂಡ ಏರುತ್ತದೆ. ಜ್ವರದಲ್ಲಿ ಬಹಳ ಸಲ ಇನ್ಸುಲಿನ್ ಮಾಮೂಲಿಗಿಂತ ಹೆಚ್ಚೇ ಬೇಕಾಗುತ್ತದೆ. ಪ್ರಮಾಣವನ್ನು ಡಾಕ್ಟರರು ಏರಿಸಬಹುದು, ಇಳಿಸಬಹುದು. ಆದರೆ ಪೂರ್ತಿ ನಿಲ್ಲಿಸುವುದು ಅಂತ ಯಾವತ್ತೂ ಇಲ್ಲ.

ಮುಂದಿನ ವರ್ಷ ಅದೇ ಮಗುವಿಗೆ ಮತ್ತೆ ಜ್ವರ ಬಂತು. ಈ ಸಲ ತಾಯಿಯ ಹತ್ತಿರ ಪಟ್ಟಿಗಳ ಡಬ್ಬಿ ಇತ್ತು. ನೋಡಿದರು, ಬಣ್ಣ ತಿರುಗಿತ್ತು. ಆಗಲೇ ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಷ್ಟು ಇನ್ಸುಲಿನ್ ಹೆಚ್ಚಾಗಿ ಕೊಟ್ಟು, ನೀರು ಕುಡಿಸುತ್ತಾ ಎರಡು ಗಂಟೆಗೊಮ್ಮೆ ನೋಡಿದರು. ಮಗು ಮನೆಯಲ್ಲೇ ಗುಣವಾಯಿತು.

ಪರೀಕ್ಷೆ ಮಾಡುವ ವಿಧಾನ

ಕೀಟೋನ್ ಪರೀಕ್ಷೆಗೆ ಎರಡು ದಾರಿಗಳಿವೆ: ಮೂತ್ರ ಮತ್ತು ರಕ್ತ.

ಮೂತ್ರದ ಪಟ್ಟಿ ಔಷಧಿ ಅಂಗಡಿಯಲ್ಲಿ ಡಬ್ಬಿಯಾಗಿ ಸಿಗುತ್ತದೆ. ಆಗ ತಾನೇ ಹಿಡಿದ ಮೂತ್ರದಲ್ಲಿ ಪಟ್ಟಿಯ ತುದಿಯನ್ನು ಅದ್ದಿ ಕೂಡಲೇ ತೆಗೆಯಬೇಕು. ಹೆಚ್ಚಾದ ಹನಿಯನ್ನು ಲೋಟದ ಅಂಚಿಗೆ ತಾಗಿಸಿ ಇಳಿಸಬೇಕು. ಡಬ್ಬಿಯ ಮೇಲೆ ಬರೆದಿರುವಷ್ಟು ಸೆಕೆಂಡ್ ಕಾದು, ಡಬ್ಬಿಯಲ್ಲಿರುವ ಬಣ್ಣಗಳ ಜೊತೆ ಹೋಲಿಸಬೇಕು. ಕೆಲವು ಕಂಪನಿಯ ಪಟ್ಟಿಗೆ 15 ಸೆಕೆಂಡ್, ಕೆಲವಕ್ಕೆ ಇನ್ನೂ ಹೆಚ್ಚು ಇರುತ್ತದೆ. ಹೊತ್ತು ಮೀರಿ ನೋಡಿದರೆ ಬಣ್ಣ ಗಾಢವಾಗಿ ತಪ್ಪು ಲೆಕ್ಕ ಬರುತ್ತದೆ. ಬಣ್ಣ ಬದಲಾಗದಿದ್ದರೆ ಕೀಟೋನ್ ಇಲ್ಲ. ನೇರಳೆಯ ಕಡೆಗೆ ಗಾಢವಾದಷ್ಟೂ ಕೀಟೋನ್ ಹೆಚ್ಚು.

ಪಟ್ಟಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ, ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ಬಚ್ಚಲಲ್ಲಿ ಇಡಬೇಡಿ. ತೇವ ತಾಗಿದ ಪಟ್ಟಿ ಕೀಟೋನ್ ಇದ್ದರೂ ಇಲ್ಲ ಅಂತ ತೋರಿಸಬಹುದು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಡಬ್ಬಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಸಾಮಾನ್ಯವಾಗಿ ತೆರೆದ ಆರು ತಿಂಗಳ ನಂತರ ಉಳಿದದ್ದನ್ನು ಎಸೆಯಬೇಕು.

ಈ ಪಟ್ಟಿಗೆ ಎರಡು ಮಿತಿಗಳಿವೆ. ಮೂತ್ರ ಕೆಲವು ಗಂಟೆಗಳಿಂದ ಮೂತ್ರಕೋಶದಲ್ಲಿ ಸೇರಿರುವುದರಿಂದ ಅದು ಹೇಳುವುದು ಹಿಂದಿನ ಸುದ್ದಿ. ಎರಡನೆಯದು, ಇದು ಮುಖ್ಯವಾಗಿ ಅಸಿಟೋಅಸಿಟೇಟನ್ನು ತೋರಿಸುತ್ತದೆ. ಡಿಕೆಎ ಆದಾಗ ಅತಿ ಹೆಚ್ಚು ಇರುವ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಇದಕ್ಕೆ ಕಾಣುವುದಿಲ್ಲ. ಚಿಕಿತ್ಸೆ ಶುರುವಾದ ಮೇಲೆ ಅದು ಅಸಿಟೋಅಸಿಟೇಟ್ ಆಗಿ ಬದಲಾಗುವುದರಿಂದ, ಮಗು ಚೇತರಿಸಿಕೊಳ್ಳುತ್ತಿದ್ದರೂ ಪಟ್ಟಿ ಮಾತ್ರ ಹೆಚ್ಚು ಅಂತಲೇ ತೋರಿಸಬಹುದು.

ರಕ್ತದ ಪರೀಕ್ಷೆ ಇದಕ್ಕಿಂತ ನಿಖರ. ಸಕ್ಕರೆ ನೋಡಿದ ಹಾಗೆಯೇ ಬೆರಳಿನ ಒಂದು ಹನಿ ರಕ್ತ ಸಾಕು. ಆದರೆ ಮಾಮೂಲಿ ಸಕ್ಕರೆ ಮೀಟರ್‌ನಲ್ಲಿ ಇದು ಬರುವುದಿಲ್ಲ. ಕೀಟೋನ್ ನೋಡುವ ಮೀಟರ್ ಮತ್ತು ಅದರದೇ ಪಟ್ಟಿ ಬೇಕು. ಆ ಪಟ್ಟಿಯ ಬೆಲೆ ಮೂತ್ರದ ಪಟ್ಟಿಗಿಂತ ಬಹಳ ಹೆಚ್ಚು. ರಕ್ತದ ಪರೀಕ್ಷೆಯ ಅಂಕಿಗಳನ್ನು ಹೀಗೆ ತಿಳಿಯಿರಿ:

0.6ಕ್ಕಿಂತ ಕಡಿಮೆ: ಭಯವಿಲ್ಲ. ಕಾಯಿಲೆ ಇರುವವರೆಗೆ ನೋಡುತ್ತಾ ಇರಿ.
0.6ರಿಂದ 1.5: ಎಚ್ಚರ. ನೀರು ಹೆಚ್ಚು ಕುಡಿಸಿ, ಡಾಕ್ಟರರಿಗೆ ಫೋನ್ ಮಾಡಿ ಹೆಚ್ಚುವರಿ ಇನ್ಸುಲಿನ್ ಕೇಳಿ, ಎರಡು ಗಂಟೆ ಬಿಟ್ಟು ಮತ್ತೆ ನೋಡಿ.
1.5ರಿಂದ 3: ಅಪಾಯ ಹತ್ತಿರವಿದೆ. ಕೂಡಲೇ ಡಾಕ್ಟರರನ್ನು ಸಂಪರ್ಕಿಸಿ. ದೂರದ ಊರಿನವರು ಹೊರಟುಬಿಡುವುದೇ ಲೇಸು.
3 ಮತ್ತು ಮೇಲೆ: ತಡಮಾಡದೆ ದೊಡ್ಡ ಆಸ್ಪತ್ರೆಗೆ.

ಮೂತ್ರದ ಪಟ್ಟಿಯಲ್ಲಿ ಎರಡು ಪ್ಲಸ್ ಅಥವಾ ಹೆಚ್ಚು ಬಂದರೂ ಆಸ್ಪತ್ರೆಗೆ ಹೋಗಬೇಕು. ಪಟ್ಟಿ ಏನೇ ಹೇಳಲಿ, ವಾಂತಿ ನಿಲ್ಲದಿದ್ದರೆ, ಹೊಟ್ಟೆನೋವು ಜೋರಾದರೆ, ಉಸಿರು ಆಳವಾಗಿ ಜೋರಾಗಿ ಬರುತ್ತಿದ್ದರೆ, ಬಾಯಲ್ಲಿ ಹಣ್ಣಿನಂಥ ವಾಸನೆ ಬಂದರೆ, ಮಗು ಮಂಕಾಗಿ ನಿದ್ದೆಗೆ ಜಾರುತ್ತಿದ್ದರೆ 108ಕ್ಕೆ ಕರೆ ಮಾಡಿ. ಪಟ್ಟಿ ಹುಡುಕುತ್ತಾ ಕೂರಬೇಡಿ.

ಯಾವಾಗ ನೋಡಬೇಕು? ದಿನಾ ಬೇಡ. ಸಕ್ಕರೆ 250 ದಾಟಿ ಇಳಿಯದೆ ನಿಂತಾಗ, ಜ್ವರ ಬಂದಾಗ, ವಾಂತಿ ಆದಾಗ, ಇನ್ಸುಲಿನ್ ತಪ್ಪಿಹೋದಾಗ ನೋಡಲೇಬೇಕು. ಕಾಯಿಲೆ ದಿನಗಳಲ್ಲಿ ಸಕ್ಕರೆಯನ್ನು ಎರಡರಿಂದ ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ನೋಡಬೇಕು. ಸಕ್ಕರೆ ಹೆಚ್ಚಿದ್ದರೆ ನೀರು, ಉಪ್ಪು ಹಾಕಿದ ನೀರು ಮಜ್ಜಿಗೆ, ತಿಳಿಸಾರು ಗುಟುಕು ಗುಟುಕಾಗಿ ಕೊಡಿ. ಸಕ್ಕರೆ ಕಡಿಮೆ ಇದ್ದೂ ಕೀಟೋನ್ ಇದ್ದರೆ ಗಂಜಿ, ಎಳನೀರು, ಸಕ್ಕರೆ ನೀರು ಬೇಕಾಗುತ್ತದೆ, ಇನ್ಸುಲಿನ್ ಕೂಡ ಬೇಕಾಗುತ್ತದೆ. ಎಷ್ಟು ಎಂಬುದನ್ನು ಡಾಕ್ಟರರೇ ಹೇಳಬೇಕು.

ಇನ್ಸುಲಿನ್ ಕೊಟ್ಟರೂ ಕೀಟೋನ್ ಬರುತ್ತಿದ್ದರೆ ಔಷಧಿ ಕೆಟ್ಟಿರಬಹುದು. ಬಿಸಿಲು ತಾಗಿದ, ಒಲೆಯ ಹತ್ತಿರ ಇಟ್ಟ ಇನ್ಸುಲಿನ್ ಶಕ್ತಿ ಕಳೆದುಕೊಳ್ಳುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಮಡಕೆಯೊಳಗೆ ಇನ್ನೊಂದು ಚಿಕ್ಕ ಮಡಕೆ ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಒಳಗಿನ ಮಡಕೆಯಲ್ಲಿ ಔಷಧಿ ಇಟ್ಟರೆ ತಂಪಾಗಿರುತ್ತದೆ.

ನೂರು ವರ್ಷದ ಹಿಂದೆ

ಇನ್ಸುಲಿನ್ ಕಂಡುಹಿಡಿಯುವ ಮೊದಲು ಟೈಪ್ 1 ಬಂದ ಮಕ್ಕಳು ಉಳಿಯುತ್ತಲೇ ಇರಲಿಲ್ಲ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇದರ ಮೇಲೆ ಕೆಲಸ ಮಾಡಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಅದು ಹೆಚ್ಚು ಫಲ ಕೊಡಲಿಲ್ಲ. ಕಾಲಿಪ್ ಎಂಬ ವಿಜ್ಞಾನಿ ಔಷಧಿಯನ್ನು ಶುದ್ಧಗೊಳಿಸಿದ ಮೇಲೆ ಅದೇ ತಿಂಗಳಲ್ಲಿ ಮತ್ತೆ ಕೊಟ್ಟಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು, ಮೂತ್ರದಲ್ಲಿದ್ದ ಕೀಟೋನ್ ಮಾಯವಾಯಿತು. ಔಷಧಿ ಕೆಲಸ ಮಾಡಿದೆ ಅಂತ ಆ ಡಾಕ್ಟರರಿಗೆ ಸಾಕ್ಷಿ ಹೇಳಿದ್ದು ಈ ಮೂತ್ರ ಪರೀಕ್ಷೆಯೂ ಹೌದು. ಅಷ್ಟು ದೊಡ್ಡ ಔಷಧಿ ಇವತ್ತು ನಮ್ಮ ಊರಿನ ಅಂಗಡಿಯಲ್ಲಿ ಸಿಗುತ್ತಿರುವಾಗ, ಅದನ್ನು ನಿಲ್ಲಿಸಿದ ಕಾರಣಕ್ಕೆ ಒಂದು ಮಗು ಸಾಯಬಾರದು.

ಮುಚ್ಚಿಡುವುದರಿಂದ ಆಗುವ ಅನಾಹುತ

ಕೊನೆಯದಾಗಿ, ಸಮಾಜ ಕಾರ್ಯಕರ್ತೆಯರಾಗಿ ನಾವು ಹೇಳಲೇಬೇಕಾದ ಮಾತು. ಇನ್ಸುಲಿನ್ ನಿಲ್ಲುವುದು ಜ್ವರ ಬಂದಾಗ ಮಾತ್ರ ಅಲ್ಲ. ಹೆಣ್ಣುಮಗಳಿಗೆ ಕಾಯಿಲೆ ಇದೆ ಅಂತ ಹೇಳದೆ ಮದುವೆ ಮಾಡಿಬಿಡುತ್ತಾರೆ. ಅತ್ತೆ ಮನೆಯಲ್ಲಿ ಯಾರಿಗೂ ಕಾಣದ ಹಾಗೆ ಅವಳು ಎಲ್ಲಿ ಚುಚ್ಚಿಕೊಳ್ಳಬೇಕು? ಒಂದು ಹೊತ್ತು ತಪ್ಪುತ್ತದೆ, ಎರಡು ಹೊತ್ತು ತಪ್ಪುತ್ತದೆ, ವಾಂತಿ ಶುರುವಾದರೆ ‘ವಿಶೇಷ ಇರಬೇಕು’ ಅಂತ ಮನೆಯವರು ಸಂತೋಷಪಡುತ್ತಾರೆ. ಹಾಸ್ಟೆಲಿನಲ್ಲಿ ಓದುವ ಹುಡುಗರು ಗೆಳೆಯರ ಮುಂದೆ ನಾಚಿಕೊಂಡು ಬಿಡುತ್ತಾರೆ. ನಾಟಿ ಔಷಧಿ ಕೊಡುವವರು ‘ಸೂಜಿ ಬಿಟ್ಟರೆ ಮಾತ್ರ ನಮ್ಮ ಔಷಧಿ ಹಿಡಿಯುತ್ತೆ’ ಎನ್ನುತ್ತಾರೆ. ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದು ಗುಣವಾಯಿತು ಅಂತ ಬಿಡುವವರೂ ಇದ್ದಾರೆ. ಪ್ರಾರ್ಥನೆ ಮಾಡಿ, ಹರಕೆ ಹೊರಿ, ನಾವು ಬೇಡ ಅನ್ನುವುದಿಲ್ಲ. ಆದರೆ ಆ ಹೊತ್ತಿನ ಇನ್ಸುಲಿನ್ ಆ ಹೊತ್ತಿಗೆ ಒಳಗೆ ಹೋಗಲಿ. ಇದು ಯಾರ ಶಾಪವೂ ಅಲ್ಲ, ತಂದೆ ತಾಯಿಯ ಪಾಪವೂ ಅಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಸರಿಯಾಗಿ ಇನ್ಸುಲಿನ್ ತೆಗೆದುಕೊಳ್ಳುವ ಹುಡುಗಿ ಓದಬಲ್ಲಳು, ದುಡಿಯಬಲ್ಲಳು, ತಾಯಿಯೂ ಆಗಬಲ್ಲಳು.

ಆದ್ದರಿಂದ ಇಲ್ಲಿಂದ ಹೋದ ಮೇಲೆ ನಿಮ್ಮ ಸಂಘದಲ್ಲಿ ಮೂರು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳು, ಯುವತಿಯರು ಯಾರಿದ್ದಾರೆ ತಿಳಿದುಕೊಳ್ಳಿ, ಆದರೆ ಅದನ್ನು ಊರಿಗೆಲ್ಲಾ ಸಾರಬೇಡಿ. ಅಂಥ ಮನೆಯವರಿಗೆ ಕೊಳ್ಳಲು ಕಷ್ಟವಿದ್ದರೆ ಸಂಘದ ಹಣದಿಂದ ಒಂದು ಡಬ್ಬಿ ಮೂತ್ರದ ಪಟ್ಟಿ ತಂದು ಆಶಾ ಕಾರ್ಯಕರ್ತೆಯ ಬಳಿ ಇಡಿ. ಮತ್ತು ಆ ಮಗುವಿನ ಡಾಕ್ಟರರ ನಂಬರು, 108, ರಾತ್ರಿ ಸಿಗುವ ವಾಹನದ ನಂಬರು, ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಆ ಮನೆಯ ಗೋಡೆಗೆ ಅಂಟಿಸಿ. ಮುಂದಿನ ತಿಂಗಳ ಸಭೆಯಲ್ಲಿ ಎಷ್ಟು ಸಂಘಗಳಲ್ಲಿ ಈ ಕೆಲಸ ಆಗಿದೆ ಅಂತ ನಾವು ಕೇಳುತ್ತೇವೆ.

ಈಗ ಪಟ್ಟಿಯ ಡಬ್ಬಿಯನ್ನು ನಿಮ್ಮ ಕೈಗೇ ಕೊಡುತ್ತೇವೆ. ಮುಚ್ಚಳದ ಮೇಲಿನ ಬಣ್ಣಗಳನ್ನು ಒಬ್ಬೊಬ್ಬರಾಗಿ ನೋಡಿ, ತಿಳಿಯದ್ದನ್ನು ಸಂಕೋಚವಿಲ್ಲದೆ ಕೇಳಿ.